ಅಸ್ತರಿಯೊಳಗಿನ ಸಾಕ್ಷಿ

ಹಳೆಯ ನಾಣ್ಯ, ಅಂಚೆಚೀಟಿ, ಗ್ರಾಮಫೋನ್ ತಟ್ಟೆಗಳನ್ನು ಕೂಡಿಡುವವರು ನಮ್ಮ ಊರುಗಳಲ್ಲೂ ಇದ್ದಾರೆ. ಯುರೋಪು, ಅಮೆರಿಕಗಳಲ್ಲಿ ಇವರ ಜೊತೆಗೆ ಇನ್ನೊಂದು ಬಗೆಯ ಸಂಗ್ರಾಹಕರಿದ್ದಾರೆ. ಎರಡು ಮಹಾಯುದ್ಧಗಳಲ್ಲಿ ಜರ್ಮನ್ ಸೈನಿಕರು ತೊಟ್ಟ ಕೋಟು, ಷರಾಯಿ, ಓವರ್‌ಕೋಟು, ಟೋಪಿಗಳನ್ನು ಅವರು ಹುಡುಕಿ, ಕೊಂಡು, ಕಾಪಾಡುತ್ತಾರೆ. ಲೋಕಕ್ಕೆ ಅಷ್ಟೊಂದು ಸಾವುನೋವು ತಂದ ಸೈನ್ಯದ ಬಟ್ಟೆಯನ್ನು ಯಾಕಾದರೂ ಜೋಪಾನ ಮಾಡಬೇಕು ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅದಕ್ಕೆ ನನಗೆ ತಿಳಿದ ಉತ್ತರವನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಸಮವಸ್ತ್ರ ಒಂದು ದಾಖಲೆ. ನಾಜಿ ಕಾಲದ ಕೋಟಿನ ಎದೆಯ ಮೇಲಿನ ಹದ್ದಿನ ಲಾಂಛನ ಆಳುವವರು ಹೇಳಬಯಸಿದ ಕಥೆಯನ್ನು ಹೇಳುತ್ತದೆ. ಒಳಗಿನ ಅಸ್ತರಿ, ಅಂದರೆ ನಮ್ಮ ಟೈಲರುಗಳು ಲೈನಿಂಗ್ ಎನ್ನುವ ಬಟ್ಟೆ, ನಿಜವಾಗಿ ನಡೆದದ್ದನ್ನು ಹೇಳುತ್ತದೆ. ಅಸ್ತರಿಯನ್ನು ಓದಲು ಕಲಿತವರಿಗೆ ಈ ಸಂಗ್ರಹ ಇತಿಹಾಸದ ಕೆಲಸ. ಹದ್ದಿಗೆ ಮರುಳಾದವರಿಗೆ ಅದು ಕೆಟ್ಟ ಗೀಳು. ಇವೆರಡರ ನಡುವಿನ ಅಂತರವನ್ನು ಸಂಗ್ರಾಹಕರು ಒಂದು ದಿನವೂ ಮರೆಯಬಾರದು.

ಮೊದಲು ಬಣ್ಣದ ವಿಚಾರ ನೋಡೋಣ. 19ನೆಯ ಶತಮಾನದಲ್ಲಿ ಪ್ರಷ್ಯದ ಕಾಲಾಳು ಕಡುನೀಲಿ ಕೋಟು ತೊಟ್ಟು ಯುದ್ಧಕ್ಕೆ ಹೋಗುತ್ತಿದ್ದ. ಮದ್ದಿನ ಹೊಗೆ ರಣರಂಗವನ್ನೆಲ್ಲ ಮುಚ್ಚುತ್ತಿದ್ದ ಕಾಲದಲ್ಲಿ, ನಮ್ಮವರು ಯಾರು, ಎದುರಾಳಿ ಯಾರು ಎಂದು ತಿಳಿಯಲು ಎದ್ದುಕಾಣುವ ಬಣ್ಣ ಬೇಕಾಗಿತ್ತು. 1880ರ ದಶಕದಲ್ಲಿ ಹೊಗೆಯಿಲ್ಲದ ಮದ್ದು ಬಂತು. ದೂರದಿಂದಲೇ ಗುರಿಯಿಟ್ಟು ಹೊಡೆಯುವ ರೈಫಲ್ಲುಗಳು ಬಂದವು. ಎದ್ದುಕಾಣುವ ಬಣ್ಣವೇ ಸೈನಿಕನ ಪ್ರಾಣಕ್ಕೆ ಮುಳುವಾಯಿತು. ಜರ್ಮನ್ ಸೈನ್ಯ 1907ರಿಂದ 1910ರ ಅವಧಿಯಲ್ಲಿ ಹಸಿರು ಬೆರೆತ ಬೂದು ಬಣ್ಣವನ್ನು ರಣರಂಗದ ಉಡುಪಿಗೆ ಒಪ್ಪಿಕೊಂಡಿತು. ಸಂಗ್ರಾಹಕರು ಫೆಲ್ಡ್‌ಗ್ರೌ ಎಂದು ಕರೆಯುವ ಬಣ್ಣ ಅದು. 1914ರ ಆಗಸ್ಟಿನಲ್ಲಿ ಫ್ರಾನ್ಸಿನ ಕಾಲಾಳುಗಳು ಇನ್ನೂ ಕೆಂಪು ಷರಾಯಿಯಲ್ಲಿ ಹೊರಟಿದ್ದರು. ಜರ್ಮನರು ಬೂದು ಬಣ್ಣದಲ್ಲಿ ಹೊರಟಿದ್ದರು.

ಇದೇ ಕಾರಣದಿಂದ ಬ್ರಿಟಿಷ್ ಸೈನ್ಯ ಖಾಕಿಗೆ ಹೊರಳಿತ್ತು. ಖಾಕಿಯ ಕಥೆಯಲ್ಲಿ ನಮ್ಮ ಮಂಗಳೂರಿಗೂ ಒಂದು ಜಾಗವಿದೆ. ಅಲ್ಲಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ 19ನೆಯ ಶತಮಾನದ ನಡುಭಾಗದಲ್ಲಿ, ಯುರೋಪಿನಿಂದ ಬಂದ ಜಾನ್ ಹಾಲರ್ ಎಂಬ ನೇಯ್ಗೆಗಾರ ಖಾಕಿ ಬಟ್ಟೆ ತಯಾರಿಸಿದ್ದು ಮಿಷನ್ನಿನ ಇತಿಹಾಸದಲ್ಲಿ ಹೆಸರಾದ ಸಂಗತಿ. ಆ ಮಿಷನ್ನಿನ ಅನೇಕ ಪಾದ್ರಿಗಳು ಜರ್ಮನರೇ. ಮೊದಲನೆಯ ಮಹಾಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಅವರನ್ನು ಸೆರೆಯಲ್ಲಿಟ್ಟಿತು. ಅವರ ಕಾರ್ಖಾನೆಗಳು ಬೇರೆಯವರ ಕೈಸೇರಿದವು.

ಈಗ ಕೋಟನ್ನೇ ಕೈಗೆತ್ತಿಕೊಳ್ಳೋಣ. 1914ರಲ್ಲಿ ಜರ್ಮನ್ ಸೈನಿಕ ತೊಟ್ಟು ಹೋದ ಕೋಟು ಶಾಂತಿಕಾಲದ ಶೃಂಗಾರವನ್ನು ಇನ್ನೂ ಬಿಟ್ಟಿರಲಿಲ್ಲ. ಅಂಚಿಗೆ ಕೆಂಪು ಪಟ್ಟಿ, ತೋಳಿನ ತುದಿಯಲ್ಲಿ ಆಯಾ ರೆಜಿಮೆಂಟಿನ ಸಂಪ್ರದಾಯದ ವಿನ್ಯಾಸ, ಮುಂಭಾಗದಲ್ಲಿ ಕಿರೀಟದ ಗುರುತಿನ ಲೋಹದ ಗುಂಡಿಗಳ ಸಾಲು. ಪ್ರಷ್ಯದ ಗುಂಡಿಯಲ್ಲಿ ಕಿರೀಟ, ಬವೇರಿಯದ ಗುಂಡಿಯಲ್ಲಿ ಸಿಂಹ. ಆಗಿನ ಜರ್ಮನ್ ಸಾಮ್ರಾಜ್ಯ ಹಲವು ರಾಜ್ಯಗಳ ಒಕ್ಕೂಟವಾಗಿತ್ತು ಎಂಬುದನ್ನು ಒಂದು ಗುಂಡಿಯೇ ತಿಳಿಸಿಬಿಡುತ್ತದೆ.

1915ರ ಸೆಪ್ಟೆಂಬರಿನಲ್ಲಿ ಹೊಸ ಮಾದರಿ ಬಂತು. ತೋಳಿನ ತುದಿಯ ಅಲಂಕಾರ ಹೋಯಿತು, ಅಂಚಿನ ಪಟ್ಟಿ ಹೋಯಿತು, ಗುಂಡಿಗಳು ಬಟ್ಟೆಯ ಮಡಿಕೆಯ ಕೆಳಗೆ ಮರೆಯಾದವು. ಈ ಸರಳತೆಯ ಹಿಂದೆ ಅಭಾವವೂ ಇತ್ತು. ಬ್ರಿಟಿಷ್ ನೌಕಾಪಡೆ ಜರ್ಮನಿಯ ಕಡಲ ದಾರಿಗಳನ್ನು ಮುಚ್ಚಿತ್ತು. ಹೊರದೇಶದ ಉಣ್ಣೆ, ಹತ್ತಿ, ಚರ್ಮ ಸಿಗದಾಯಿತು. ಕಾಗದವನ್ನು ಹೊಸೆದು ನೂಲು ಮಾಡಿದರು. ತುರಿಕೆ ಗಿಡದ ನಾರನ್ನು ಬಟ್ಟೆಗೆ ಬಳಸಿದರು. ತುದಿಯಲ್ಲಿ ಈಟಿಯಂತಹ ಮೊನೆಯಿದ್ದ ಪಿಕಲ್‌ಹೌಬೆ ಎಂಬ ಪ್ರಸಿದ್ಧ ಚರ್ಮದ ಶಿರಸ್ತ್ರಾಣವನ್ನು ಉಣ್ಣೆಯ ಫೆಲ್ಟಿನಲ್ಲೂ ತಗಡಿನಲ್ಲೂ ಮಾಡಬೇಕಾಗಿ ಬಂತು. ಆ ಚರ್ಮ ಶೆಲ್ಲಿನ ಚೂರುಗಳನ್ನು ತಡೆಯುವಂತಿರಲಿಲ್ಲ. ಹ್ಯಾನೋವರಿನ ತಾಂತ್ರಿಕ ವಿದ್ಯಾಸಂಸ್ಥೆಯ ಫ್ರೆಡ್ರಿಕ್ ಶ್ವೆರ್ಡ್ ಉಕ್ಕಿನ ಹೆಲ್ಮೆಟ್ಟನ್ನು ರೂಪಿಸಿದರು. 1916ರಲ್ಲಿ ಫ್ರಾನ್ಸಿನ ವೆರ್ಡನ್ನಿನ ಕಾಳಗಕ್ಕೆ ಅದು ಬಂತು. 1914ರ ಒಂದು ಕೋಟು, 1917ರ ಒಂದು ಕೋಟು ಎರಡನ್ನೂ ಪಕ್ಕಪಕ್ಕ ಇಟ್ಟು ಬೆರಳಾಡಿಸಿದರೆ, ಒಂದು ದೇಶ ಹೇಗೆ ಸೊರಗಿತು ಎಂಬುದು ಕೈಗೇ ತಿಳಿಯುತ್ತದೆ.

ಮೊದಲನೆಯ ಮಹಾಯುದ್ಧದ ಎಷ್ಟೋ ಕೋಟುಗಳಿಗೆ ಭುಜಪಟ್ಟಿಯೇ ಇರುವುದಿಲ್ಲ. ಭುಜಪಟ್ಟಿಯ ಮೇಲೆ ರೆಜಿಮೆಂಟಿನ ಸಂಖ್ಯೆ ಇರುತ್ತಿತ್ತು. ಎದುರಿನ ಕಂದಕದಲ್ಲಿ ಯಾವ ರೆಜಿಮೆಂಟು ಇದೆ ಎಂದು ತಿಳಿಯಲು ಬ್ರಿಟಿಷರು, ಸತ್ತವರ ಮತ್ತು ಸೆರೆಸಿಕ್ಕವರ ಭುಜಪಟ್ಟಿಗಳನ್ನು ಕತ್ತರಿಸಿ ಬೇಹುಗಾರಿಕೆ ವಿಭಾಗಕ್ಕೆ ಕಳಿಸುತ್ತಿದ್ದರು. ನೆನಪಿಗೆಂದು ಗುಂಡಿ ಕಿತ್ತುಕೊಂಡವರಿಗಂತೂ ಲೆಕ್ಕವಿಲ್ಲ. ಹೀಗಾಗಿ ಭುಜಪಟ್ಟಿ ಇಲ್ಲದಿರುವುದು ಆ ಕೋಟಿನ ಕೊರತೆಯಲ್ಲ. ಅದನ್ನು ತೊಟ್ಟಿದ್ದವನಿಗೆ ಏನಾಗಿರಬಹುದು ಎಂಬುದಕ್ಕೆ ಆ ಖಾಲಿ ಜಾಗವೇ ಒಂದು ಸುಳಿವು.

ಎರಡನೆಯ ಮಹಾಯುದ್ಧದ ಬಟ್ಟೆಗಳಲ್ಲಿ ಈ ಇಳಿಜಾರು ಇನ್ನೂ ಸ್ಪಷ್ಟ. ಸಂಗ್ರಾಹಕರು ಮಾದರಿಗಳನ್ನು ವರ್ಷದ ಹೆಸರಿನಿಂದಲೇ ಗುರುತಿಸುತ್ತಾರೆ. 1936ರ ಮಾದರಿಯ ಕೋಟಿಗೆ ಕಡುಹಸಿರು ಕಾಲರ್, ನೆರಿಗೆಯಿರುವ ನಾಲ್ಕು ಜೇಬು, ಒಳ್ಳೆಯ ಉಣ್ಣೆ. 1940ರ ಹೊತ್ತಿಗೆ ಕಡುಹಸಿರು ಕಾಲರ್ ಹೋಗಿ, ಅದೂ ಕೋಟಿನದೇ ಬೂದು ಬಟ್ಟೆಯಾಯಿತು. 1943ರ ಮಾದರಿಯಲ್ಲಿ ಜೇಬಿನ ನೆರಿಗೆಯೂ ಇಲ್ಲ, ಜೇಬಿನ ಮುಚ್ಚಳದ ಬಾಗೂ ಇಲ್ಲ. ಬಟ್ಟೆ, ಹೊಲಿಗೆ, ಸಮಯ ಎಲ್ಲದರಲ್ಲೂ ಉಳಿತಾಯ. 1944ರ ಕೋಟು ಸೊಂಟಕ್ಕೇ ನಿಂತುಬಿಟ್ಟಿತು. ಬ್ರಿಟಿಷರ ಗಿಡ್ಡ ಬ್ಯಾಟಲ್‌ಡ್ರೆಸ್ಸನ್ನು ನೋಡಿ ಮಾಡಿದ ಮಾದರಿ ಅದು. ಈ ಎಂಟು ವರ್ಷಗಳಲ್ಲಿ ಹೊಸ ಉಣ್ಣೆಯ ಪಾಲು ಇಳಿದು, ಹಳೆ ಬಟ್ಟೆಯನ್ನು ಬಿಡಿಸಿ ತೆಗೆದ ಉಣ್ಣೆ ಮತ್ತು ಮರದ ತಿರುಳಿನಿಂದ ಮಾಡಿದ ರೇಯಾನ್ ನಾರಿನ ಪಾಲು ಏರಿತು. ಇಂಥ ಬಟ್ಟೆ ನೆನೆದರೆ ಬೇಗ ಆರುವುದಿಲ್ಲ, ಚಳಿಯನ್ನೂ ತಡೆಯುವುದಿಲ್ಲ.

ಚಳಿಯ ವಿಷಯ ಬಂತಲ್ಲ. 1941ರ ಬೇಸಿಗೆಯಲ್ಲಿ ಸೋವಿಯತ್ ದೇಶದ ಮೇಲೆ ದಾಳಿ ಮಾಡಿದ ಜರ್ಮನ್ ಸೈನ್ಯ, ಚಳಿಗಾಲಕ್ಕೆ ಮೊದಲೇ ಗೆದ್ದುಬಿಡುತ್ತೇವೆಂದು ನಂಬಿತ್ತು. ಡಿಸೆಂಬರ್ ಬಂದಾಗ ಮಾಸ್ಕೋದ ಹೊರಗೆ ಸೈನಿಕರ ಮೈಮೇಲೆ ಸಾಕಷ್ಟು ಬೆಚ್ಚನೆಯ ಬಟ್ಟೆ ಇರಲಿಲ್ಲ. ನಾಜಿ ಪ್ರಚಾರ ಸಚಿವ ಗೋಬೆಲ್ಸ್ ಜನರಿಗೆ ಕರೆಕೊಟ್ಟು ಮನೆಮನೆಯಿಂದ ತುಪ್ಪಳದ ಕೋಟು, ಸ್ವೆಟರು, ಕೈಗವಸು ಕೂಡಿಸಬೇಕಾಯಿತು. ಒಂದು ಮಗ್ಗುಲು ಬಿಳಿಯಾಗಿದ್ದ, ತಿರುಗಿಸಿ ತೊಡಬಹುದಾದ ಚಳಿಯುಡುಪು ಆಮೇಲೆ ಬಂತು. ಇಂದು ಸಂಗ್ರಾಹಕರು ಆ ಉಡುಪಿಗೆ ದೊಡ್ಡ ಬೆಲೆ ಕೊಡುತ್ತಾರೆ. ಆಳುವವರ ಅಹಂಕಾರಕ್ಕೆ ಸಾಮಾನ್ಯ ಸೈನಿಕರ ಬೆರಳು, ಪಾದಗಳು ಹಿಮದಲ್ಲಿ ಬೆಲೆ ತೆತ್ತವು ಎಂಬುದನ್ನು ಅದರ ಜೊತೆಗೇ ಬರೆದಿಡಬೇಕು.

ಇನ್ನು ಅಸ್ತರಿಯೊಳಗಿನ ಮುದ್ರೆ. ಈ ಕಾಲದ ಕೋಟನ್ನು ಬಿಚ್ಚಿ ಒಳಗೆ ನೋಡಿದರೆ, ಶಾಯಿಯಲ್ಲಿ ಒತ್ತಿದ ಐದು ಸಂಖ್ಯೆಗಳು ಸಿಗುತ್ತವೆ. ಕುತ್ತಿಗೆಯ ಸುತ್ತಳತೆ, ಎದೆಯ ಸುತ್ತಳತೆ, ಬೆನ್ನಿನ ಉದ್ದ, ಕೋಟಿನ ಪೂರ್ತಿ ಉದ್ದ, ತೋಳಿನ ಉದ್ದ, ಎಲ್ಲವೂ ಸೆಂಟಿಮೀಟರುಗಳಲ್ಲಿ. ಪಕ್ಕದಲ್ಲಿ ಒಂದು ಅಕ್ಷರ ಮತ್ತು ಎರಡು ಅಂಕಿ. ಅಕ್ಷರ ಸೈನ್ಯದ ಉಡುಪಿನ ಉಗ್ರಾಣದ್ದು, ಅಂಕಿ ವರ್ಷದ್ದು. ‘ಇ 41’ ಎಂದಿದ್ದರೆ ಎರ್ಫರ್ಟ್ ನಗರದ ಉಗ್ರಾಣ 1941ರಲ್ಲಿ ಅದನ್ನು ಸ್ವೀಕರಿಸಿತು ಎಂದರ್ಥ. ಬರ್ಲಿನ್, ಮ್ಯೂನಿಕ್, ಹ್ಯಾನೋವರ್‌ಗಳಿಗೂ ಹೀಗೆಯೇ ಮೊದಲಕ್ಷರ. ಹೊಲಕ್ಕೆ ಪಹಣಿ ಇದ್ದ ಹಾಗೆ ಕೋಟಿಗೆ ಈ ಮುದ್ರೆ. ಯುದ್ಧದ ಉತ್ತರಾರ್ಧದಲ್ಲಿ ತಯಾರಕರ ಹೆಸರು ಮರೆಯಾಗಿ ಆ ಜಾಗಕ್ಕೆ ಬರೀ ಕಾರ್ಖಾನೆಯ ನೋಂದಣಿ ಸಂಖ್ಯೆ ಬಂತು.

ಆ ಐದು ಅಳತೆಗಳು ಒಂದು ದೇಹದ ಅಳತೆಗಳು. ಯುದ್ಧ ಸಾಗಿದಂತೆ ಆ ದೇಹಗಳು ಹುಡುಗರದೂ ವಯಸ್ಸಾದವರದೂ ಆದವು. 1943ರ ಆರಂಭದಿಂದ ಹೈಸ್ಕೂಲು ಹುಡುಗರನ್ನು ವಿಮಾನ ಹೊಡೆಯುವ ತೋಪುಗಳ ಕೆಲಸಕ್ಕೆ ಕರೆದರು. 1944ರ ಅಕ್ಟೋಬರಿನಲ್ಲಿ 16ರಿಂದ 60 ವಯಸ್ಸಿನ ಗಂಡಸರನ್ನೆಲ್ಲ ಫೋಕ್ಸ್‌ಷ್ಟುರ್ಮ್ ಎಂಬ ನಾಗರಿಕ ಪಡೆಗೆ ಸೇರಿಸಿದರು. ಅವರಲ್ಲಿ ಅನೇಕರಿಗೆ ಸಿಕ್ಕಿದ್ದು ತೋಳಿಗೆ ಕಟ್ಟುವ ಒಂದು ಪಟ್ಟಿ ಮಾತ್ರ. 1945ರ ಜನವರಿಯಲ್ಲಿ ಅವರಿಗೆ ಉಡುಪು ಕೊಡಿ ಎಂದು ಸರ್ಕಾರ ಮತ್ತೆ ಮನೆಮನೆಯ ಬಾಗಿಲು ತಟ್ಟಿತು. ಸಂಗ್ರಹದಲ್ಲಿ ಅಂತಹ ತೋಳುಪಟ್ಟಿಯೊಂದು ಇದ್ದರೆ, ಅಧಿಕಾರಿಯ ಜರತಾರಿ ಕಾಲರ್‌ಗಿಂತ ಅದಕ್ಕೇ ನಾನು ಮೇಲಿನ ಜಾಗ ಕೊಡುತ್ತೇನೆ.

ಈಗ ಈ ವಿಷಯದ ಅತ್ಯಂತ ಕಹಿಯಾದ ಭಾಗಕ್ಕೆ ಬರುತ್ತೇನೆ. ಈ ಬಟ್ಟೆಗಳನ್ನು ಹೊಲಿದವರು ಯಾರು?

ಹ್ಯೂಗೊ ಬಾಸ್ ಎಂಬ ಹೆಸರನ್ನು ನೀವು ಕೇಳಿರುತ್ತೀರಿ. 1924ರಲ್ಲಿ ಮೆಟ್ಸಿಂಗನ್ ಊರಿನಲ್ಲಿ ಆರಂಭವಾದ ಹೊಲಿಗೆ ಸಂಸ್ಥೆ ಅದು. ಅದರ ಮಾಲೀಕ 1931ರಲ್ಲಿ ನಾಜಿ ಪಕ್ಷ ಸೇರಿದ. ಸಂಸ್ಥೆ ಪಕ್ಷದ ಪಡೆಗಳಿಗೂ ಸೈನ್ಯಕ್ಕೂ ಸಮವಸ್ತ್ರ ಹೊಲಿದುಕೊಟ್ಟಿತು. ಎಸ್‌ಎಸ್ ಎಂಬ ನಾಜಿ ಪಡೆಯ ಕಪ್ಪು ಉಡುಪಿನ ವಿನ್ಯಾಸವೂ ಅವನದೇ ಎಂಬ ಮಾತು ಎಲ್ಲೆಡೆ ಹಬ್ಬಿದೆ, ಅದು ಸರಿಯಲ್ಲ. ಆ ವಿನ್ಯಾಸ ಕಾರ್ಲ್ ಡೀಬಿಟ್ಷ್ ಮತ್ತು ವಾಲ್ಟರ್ ಹೆಕ್ ಎಂಬವರದು. ಆದರೆ ಯುದ್ಧಕಾಲದಲ್ಲಿ ಬಾಸ್ ಕಾರ್ಖಾನೆಯಲ್ಲಿ 140 ಮಂದಿಯನ್ನು ಬಲವಂತದಿಂದ ದುಡಿಸಿದ್ದು ನಿಜ. ಅವರಲ್ಲಿ ಹೆಚ್ಚಿನವರು ಹೆಂಗಸರು. ಜೊತೆಗೆ 40 ಮಂದಿ ಫ್ರೆಂಚ್ ಯುದ್ಧಕೈದಿಗಳೂ ಇದ್ದರು. ಇತಿಹಾಸಕಾರ ರೋಮನ್ ಕೋಸ್ಟರ್ ಇದನ್ನೆಲ್ಲ ದಾಖಲಿಸಿದ ಪುಸ್ತಕ 2011ರಲ್ಲಿ ಹೊರಬಂದಾಗ ಸಂಸ್ಥೆ ವಿಷಾದ ಸೂಚಿಸಿತು.

ಪೋಲೆಂಡಿನ ಊಚ್ ನಗರದಲ್ಲಿ 1940ರ ವಸಂತದಲ್ಲಿ 1,60,000ಕ್ಕೂ ಹೆಚ್ಚು ಯಹೂದಿಗಳನ್ನು ಗೆಟ್ಟೊ ಎಂಬ ಬೇಲಿ ಹಾಕಿದ ಕೇರಿಯೊಳಗೆ ಕೂಡಿಹಾಕಿದರು. ನೇಯ್ಗೆ, ಹೊಲಿಗೆಗೆ ಹೆಸರಾಗಿದ್ದ ಊರು ಅದು. ಜರ್ಮನರಿಗೆ ಬೇಕಾದ್ದನ್ನು ತಯಾರಿಸಿಕೊಟ್ಟರೆ ಜೀವ ಉಳಿದೀತು ಎಂಬ ಆಸೆಯಿಂದ ಗೆಟ್ಟೊದ ಮುಖ್ಯಸ್ಥ ಹಾಯಿಮ್ ರುಮ್‌ಕೋವ್‌ಸ್ಕಿ ಹತ್ತಾರು ಕಾರ್ಯಾಗಾರಗಳನ್ನು ತೆರೆಸಿದ. ಅರೆಹೊಟ್ಟೆಯ ದರ್ಜಿಗಳು ಅಲ್ಲಿ ತಮ್ಮನ್ನು ಸೆರೆಯಲ್ಲಿಟ್ಟ ಸೈನ್ಯದ ಕೋಟುಗಳನ್ನೇ ಹೊಲಿದರು. 1942ರ ಸೆಪ್ಟೆಂಬರಿನಲ್ಲಿ ದುಡಿಯಲಾಗದ ಮಕ್ಕಳನ್ನು, ಮುದುಕರನ್ನು, ರೋಗಿಗಳನ್ನು ಕೊಲ್ಲಲು ಸಾಗಿಸಿದರು. 1944ರ ಆಗಸ್ಟಿನಲ್ಲಿ ಗೆಟ್ಟೊವನ್ನೇ ಖಾಲಿ ಮಾಡಿ ಉಳಿದವರನ್ನು ಆಷ್ವಿಟ್ಸ್ ಕೊಲೆಶಿಬಿರಕ್ಕೆ ಕಳಿಸಿದರು. ಸ್ತ್ರೀಯರ ಸೆರೆಶಿಬಿರವಾಗಿದ್ದ ರಾವೆನ್ಸ್‌ಬ್ರೂಕ್‌ನಲ್ಲಿ ಎಸ್‌ಎಸ್ ತನ್ನದೇ ಟೆಕ್ಸ್‌ಲೆಡ್ ಎಂಬ ಕಂಪನಿ ನಡೆಸಿ, ಕೈದಿ ಹೆಂಗಸರಿಂದ ತನ್ನ ಸಮವಸ್ತ್ರಗಳನ್ನು ಹೊಲಿಸಿಕೊಂಡಿತು.

ಈ ದರ್ಜಿಗಳ ಹೆಸರು ಯಾವ ಅಸ್ತರಿಯ ಮೇಲೂ ಇಲ್ಲ. ಅಳತೆಯ ಮುದ್ರೆ ಇದೆ, ಉಗ್ರಾಣದ ಮುದ್ರೆ ಇದೆ, ಹೊಲಿದ ಕೈಯ ಗುರುತು ಇಲ್ಲ. ತಾವು ಕೊಂಡ ಕೋಟನ್ನು ಇಂಥ ಕೈಗಳು ಹೊಲಿದಿರಬಹುದು ಎಂಬ ಅರಿವು ಸಂಗ್ರಾಹಕರಿಗೆ ಇರಲೇಬೇಕು. ಹೊಲಿಗೆಯ ಅಂದವನ್ನು ಹೊಗಳಿ ಹೊಲಿದವರ ಗತಿಯನ್ನು ಬಿಟ್ಟುಬಿಡುವ ಸಂಗ್ರಹ ಅರ್ಧ ಸತ್ಯ. ಸೆರೆಶಿಬಿರದ ಕೈದಿಗಳು ತೊಟ್ಟ ಪಟ್ಟೆಪಟ್ಟೆಯ ಬಟ್ಟೆಯಂತೂ ಖಾಸಗಿ ಬೀರುವಿನಲ್ಲಿ ಇರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಅದು ಸ್ಮಾರಕ ವಸ್ತುಸಂಗ್ರಹಾಲಯಕ್ಕೆ ಸೇರಬೇಕಾದದ್ದು.

ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಬಟ್ಟೆಗೆ ಬರ. ಊರಿಗೆ ಮರಳಿದ ಸೈನಿಕರಿಗೆ ಬೇರೆ ಉಡುಪಿರಲಿಲ್ಲ. ಸಮವಸ್ತ್ರವನ್ನು ಇದ್ದ ಹಾಗೆ ತೊಡಲು ಗೆದ್ದವರು ಬಿಡುತ್ತಿರಲಿಲ್ಲ. ಲಾಂಛನ ಕಿತ್ತು, ಬಣ್ಣ ಹಾಕಿಸಿ, ಹೊಲದ ಕೆಲಸಕ್ಕೂ ಕಾರ್ಖಾನೆಗೂ ಅದನ್ನೇ ತೊಟ್ಟರು. ಎಷ್ಟೋ ಕೋಟುಗಳು ಮಕ್ಕಳ ಜಾಕೆಟ್ಟುಗಳಾದವು. ಹೀಗೆ ಸಾವಿರಾರು ಉಡುಪುಗಳು ಸವೆದುಹೋದದ್ದರಿಂದಲೇ ಉಳಿದವಕ್ಕೆ ಈಗ ಇಷ್ಟು ಬೆಲೆ.

ಬೆಲೆ ಇದ್ದಲ್ಲಿ ನಕಲಿಯೂ ಬರುತ್ತದೆ. ಸಿನಿಮಾಕ್ಕೆಂದು ಹೊಲಿಸಿದ ಉಡುಪು, ಪೂರ್ವ ಜರ್ಮನಿಯ ಸೈನ್ಯದ ಆಮೇಲಿನ ಕೋಟು ಕೂಡ ಯುದ್ಧಕಾಲದ್ದೆಂದು ಮಾರಾಟವಾಗುತ್ತವೆ. ಬಲ್ಲವರು ಕತ್ತಲೆ ಕೋಣೆಯಲ್ಲಿ ನೇರಳಾತೀತ ದೀಪ ಹಿಡಿದು ಹೊಲಿಗೆಯ ದಾರ ನೋಡುತ್ತಾರೆ. ಇತ್ತೀಚಿನ ದಾರ, ಬಟ್ಟೆಗಳಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದ್ದರೆ ಅದು ನೀಲಿಯಾಗಿ ಹೊಳೆಯುತ್ತದೆ. ಸೋಪಿನ ಪುಡಿಯಲ್ಲಿ ಒಗೆದ ಅಸಲಿ ಬಟ್ಟೆಯೂ ಹಾಗೇ ಹೊಳೆಯುವುದುಂಟು. ಆದ್ದರಿಂದ ದೀಪವೊಂದನ್ನೇ ನಂಬಬಾರದು. ಲಾಂಛನ ಹೊಲಿದ ಸೂಜಿಯ ತೂತುಗಳು, ಅದರ ಕೆಳಗೆ ಬಿಸಿಲು ತಾಗದೆ ಉಳಿದ ಬಣ್ಣ, ಮೊಣಕೈ, ಕಂಕುಳಗಳ ಸವೆತ, ಗುಂಡಿಯ ಹಿಂದಿನ ತುಕ್ಕು, ಎಲ್ಲವೂ ಒಂದೇ ಮಾತು ಹೇಳುತ್ತಿವೆಯೇ ಎಂದು ನೋಡಬೇಕು.

ನಕಲಿಗಿಂತ ಸೂಕ್ಷ್ಮವಾದ ಇನ್ನೊಂದು ಮೋಸ ರಿಪೇರಿಯದು. ಅಸಲಿ ಕೋಟಿಗೆ ಕಳೆದುಹೋದ ಹದ್ದನ್ನು ಬೇರೆ ಕಡೆಯಿಂದ ತಂದು ಹೊಲಿಯುವುದು, ತೇಪೆ ಬಿಚ್ಚಿ ಹೊಸ ಬಟ್ಟೆ ಕೂಡಿಸುವುದು, ಬೆಲೆ ಏರಲೆಂದು ಸಾದಾ ಸಿಪಾಯಿಯ ಕೋಟಿಗೆ ಪ್ರಸಿದ್ಧ ಪಡೆಯ ಪಟ್ಟಿ ಹಾಕುವುದು. ಇದು ದಾಖಲೆ ತಿದ್ದಿದಂತೆಯೇ. 1945ರಲ್ಲಿ ಸೋತು ಬಂದವನು ತನ್ನ ಕೈಯಾರೆ ಕಿತ್ತ ಹದ್ದಿನ ಜಾಗ ಖಾಲಿಯಾಗಿಯೇ ಇರಬೇಕು. ಇತಿಹಾಸ ಇರುವುದು ಆ ಖಾಲಿ ಜಾಗದಲ್ಲೇ.

ಸಂಗ್ರಾಹಕರಿಗೆ ಕಾನೂನಿನ ತಿಳಿವಳಿಕೆಯೂ ಬೇಕು. ಜರ್ಮನಿಯ ದಂಡಸಂಹಿತೆಯ 86ಎ ಕಲಮು ನಾಜಿ ಲಾಂಛನಗಳನ್ನು ಸಾರ್ವಜನಿಕವಾಗಿ ತೋರಿಸುವುದನ್ನು ನಿಷೇಧಿಸುತ್ತದೆ. ಸಂಶೋಧನೆ, ಬೋಧನೆ, ಕಲೆ, ಇತಿಹಾಸದ ನಿರೂಪಣೆಗೆ ವಿನಾಯಿತಿ ಇದೆ. ಆಸ್ಟ್ರಿಯ, ಫ್ರಾನ್ಸ್‌ಗಳಲ್ಲೂ ಕಟ್ಟುನಿಟ್ಟಿನ ಕಾನೂನುಗಳಿವೆ. 2000ದಲ್ಲಿ ಪ್ಯಾರಿಸ್ಸಿನ ನ್ಯಾಯಾಲಯವೊಂದು ಯಾಹೂ ಕಂಪನಿಯ ಅಂತರ್ಜಾಲ ಹರಾಜಿನಲ್ಲಿ ನಾಜಿ ವಸ್ತುಗಳ ಮಾರಾಟ ಫ್ರಾನ್ಸಿನ ಜನರಿಗೆ ಕಾಣದಂತೆ ತಡೆಯಲು ಆದೇಶಿಸಿತು. ಇಂಥ ನಿಷೇಧಗಳಿಂದ ಪ್ರಾಮಾಣಿಕ ಅಭ್ಯಾಸಿಗೆ ತೊಂದರೆಯಿಲ್ಲ. ತೊಟ್ಟು ಮೆರೆಯುವವರಿಗೆ ತಡೆ ಇರಲೇಬೇಕು. ಬರ್ಲಿನ್ನಿನ ಜರ್ಮನ್ ಐತಿಹಾಸಿಕ ವಸ್ತುಸಂಗ್ರಹಾಲಯ, ಡ್ರೆಸ್ಡನ್ನಿನ ಸೇನಾ ಇತಿಹಾಸದ ವಸ್ತುಸಂಗ್ರಹಾಲಯ, ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಈ ಉಡುಪುಗಳನ್ನು ಅವುಗಳ ಹಿಂದಿನ ಕಥೆಯೊಂದಿಗೆ ತೋರಿಸುತ್ತ ಬಂದಿವೆ. ಮನೆಯ ಸಂಗ್ರಹಕ್ಕೂ ಅದೇ ಮಾದರಿಯಾಗಲಿ.

ಈ ಸಮವಸ್ತ್ರದ ಕಥೆಯಲ್ಲಿ ಭಾರತದವರೂ ಇದ್ದಾರೆ. ಸುಭಾಷ್‌ಚಂದ್ರ ಬೋಸರು ಜರ್ಮನಿಯಲ್ಲಿದ್ದಾಗ, ಉತ್ತರ ಆಫ್ರಿಕದಲ್ಲಿ ಸೆರೆಸಿಕ್ಕ ಭಾರತೀಯ ಸೈನಿಕರಿಂದ ಒಂದು ಪಡೆ ಕಟ್ಟಿದರು. ಜರ್ಮನ್ ಲೆಕ್ಕದಲ್ಲಿ ಅದು 950ನೆಯ ಇನ್‌ಫೆಂಟ್ರಿ ರೆಜಿಮೆಂಟು. ಆ ಸೈನಿಕರು ಜರ್ಮನ್ ಸಮವಸ್ತ್ರದ ತೋಳಿನ ಮೇಲೆ ಕೇಸರಿ, ಬಿಳಿ, ಹಸಿರು ಪಟ್ಟಿಗಳ ಮೇಲೆ ನೆಗೆಯುವ ಹುಲಿಯ ಲಾಂಛನ ಧರಿಸಿದರು. ಸಿಖ್ಖರು ಪೇಟ ಕಟ್ಟಿದರು. 1944ರ ಆಗಸ್ಟಿನಲ್ಲಿ ಪಡೆಯನ್ನು ಎಸ್‌ಎಸ್‌ನ ರಣಪಡೆಯಾದ ವಾಫೆನ್ ಎಸ್‌ಎಸ್ ಅಧೀನಕ್ಕೆ ಕೊಟ್ಟರು. ದೇಶದ ಬಿಡುಗಡೆಗಾಗಿ ಹೊರಟವರು ಯಾರ ಬಟ್ಟೆ ತೊಡಬೇಕಾಯಿತು ಎಂಬ ಕಠಿಣ ಪ್ರಶ್ನೆಯನ್ನು ಆ ಚಿಕ್ಕ ಹುಲಿಪಟ್ಟಿ ನಮ್ಮ ಮುಂದಿಡುತ್ತದೆ. ಮೊದಲನೆಯ ಮಹಾಯುದ್ಧದಲ್ಲಿ ಎದುರು ಬದಿಯಲ್ಲೂ ನಮ್ಮವರಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಆಟೊಮನ್ನರು ಮತ್ತು ಅವರ ಮಿತ್ರರ ಕೈಯಿಂದ ಬಿಡಿಸಿದವರಲ್ಲಿ ಜೋಧಪುರದ ಜೊತೆಗೆ ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರೂ ಇದ್ದರು. ಆ ಪಡೆಯ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ.

ಕೊನೆಯದಾಗಿ ನಿಮಗೊಂದು ವಿನಂತಿ. ನಮ್ಮಲ್ಲೂ ಕೊಡಗಿನಿಂದ ಹಿಡಿದು ಬೆಳಗಾವಿಯವರೆಗೆ ಸೈನಿಕರ ಮನೆಗಳಿವೆ. ಅಜ್ಜನ, ಮುತ್ತಜ್ಜನ ಸೈನ್ಯದ ಕೋಟು ಟ್ರಂಕಿನಲ್ಲಿ ಇದ್ದೀತು. ಯುರೋಪಿನ ಒಳ್ಳೆಯ ಸಂಗ್ರಾಹಕರು ಕಲಿತ ಶಿಸ್ತು ಅದಕ್ಕೂ ಒಪ್ಪುತ್ತದೆ. ಕೋಟನ್ನು ಒಗೆಯಬೇಡಿ, ಇಸ್ತ್ರಿ ಮಾಡಬೇಡಿ, ಗುಂಡಿಗೆ ಹೊಳಪು ತಿಕ್ಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೆ ತೇವ ನಿಂತು ಬೂಷ್ಟು ಹಿಡಿಯುತ್ತದೆ. ಬಿಸಿಲು ಬೀಳದ, ತೇವವಿಲ್ಲದ ಕಡೆ, ಆಮ್ಲವಿಲ್ಲದ ಕಾಗದ ಅಥವಾ ಒಗೆದು ಒಣಗಿಸಿದ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ. ಮಡಿಕೆಯ ಒಳಗೆ ಅದೇ ಕಾಗದದ ಸುರುಳಿ ಇಟ್ಟರೆ ಬಟ್ಟೆ ಗೆರೆಬಿದ್ದು ಸೀಳುವುದಿಲ್ಲ. ಉಣ್ಣೆ ತಿನ್ನುವ ನುಸಿಹುಳ ಬಂದಿದೆಯೇ ಎಂದು ಆಗಾಗ ಬಿಡಿಸಿ ನೋಡಿ. ಎಲ್ಲಕ್ಕಿಂತ ಮೊದಲು ಒಂದು ಹಾಳೆಯಲ್ಲಿ ತೊಟ್ಟವರ ಹೆಸರು, ಊರು, ರೆಜಿಮೆಂಟು, ಹೋದ ಯುದ್ಧ, ಅದರ ಬಗ್ಗೆ ಮನೆಯ ಹಿರಿಯರಿಗೆ ಗೊತ್ತಿರುವ ಮಾತು ಎಲ್ಲವನ್ನೂ ಬರೆದು ಕೋಟಿನ ಜೊತೆಗೇ ಇಡಿ. ಆ ಹಾಳೆ ಇಲ್ಲದಿದ್ದರೆ ಎರಡು ತಲೆಮಾರಿನ ನಂತರ ಆ ಕೋಟು ಯಾರದೆಂದು ಹೇಳುವವರೇ ಇರುವುದಿಲ್ಲ. ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ.